ಚಳಿಗಾಲದ ಹೊಗೆ, ನಿನ್ನ ಉಬ್ಬಸ

ಪ್ರೀತಿಯ ಚಿಕ್ಕಮ್ಮ,

ಚಳಿಗಾಲ ಮುಗಿಯುವವರೆಗೆ ಇಲ್ಲಿಗೆ ಬರಬೇಡ. ಸಿಟ್ಟಾಗದೆ ಪೂರ್ತಿ ಓದು. ಈ ಊರಿನ ಮೂರು ಕಡೆ ಬೆಟ್ಟ. ಬೆಳಿಗ್ಗೆ ಇಟ್ಟಿಗೆ ಗೂಡುಗಳ ಹೊಗೆ ನೆಟ್ಟಗೆ ಮೇಲೇರಿ, ಕಾಣದ ಸೂರಿಗೆ ತಲೆ ತಾಗಿದಂತೆ ಅಡ್ಡಡ್ಡ ಹರಡಿಕೊಳ್ಳುತ್ತದೆ. ಮೇಲೆ ಬೆಚ್ಚಗಿನ ಗಾಳಿ ಕೂತು, ಕೆಳಗಿನ ತಣ್ಣನೆಯದನ್ನು ಏಳಗೊಡುವುದಿಲ್ಲ. "ಗಾಳಿಯೂ ಮಾಲೀಕರ ಪಕ್ಷ" ಎಂದು ನಾನು ಕರಪತ್ರ ಬರೆದೆ. ನಮ್ಮ ಓಣಿಯಲ್ಲಿ ಬಟ್ಟೆ ಒಗೆಯುವ ಅಜ್ಜಿ ಅದನ್ನು ಓದಿಸಿ ಕೇಳಿ ನಕ್ಕರು: "ಗಾಳಿಗೆ ಯಾವ ಪಕ್ಷನಪ್ಪಾ? ಬೇಸಿಗೇಲಿ ಇದೇ ಗೂಡು ಉರಿದ್ರೂ ಬಿಳಿ ಬಟ್ಟೆ ಬೆಳ್ಳಗೇ ಒಣಗುತ್ತೆ. ಚಳೀಲಿ ಬೆಟ್ಟ ಹೊಗೇನ ಆಚೆ ಬಿಡಲ್ಲ. ಮಧ್ಯಾಹ್ನ ಗಾಳಿ ಬೀಸೋವರೆಗೂ ನಾನು ಹಗ್ಗ ಮುಟ್ಟಲ್ಲ." ತಿದ್ದಿ ಬರೆದೆ: ಬೆಟ್ಟವನ್ನು ಸರಿಸಲಾಗದು, ಚಳಿಗಾಲದಲ್ಲಿ ಗೂಡು ಆರಿಸಬಹುದು.

ನನಗೆ ಸ್ವಲ್ಪ ಕೆಮ್ಮು, ಅಷ್ಟೇ. ನಿನ್ನ ಉಬ್ಬಸ ಇದನ್ನು ತಡೆಯದು. ಯಾವ ಮಾಲೀಕನ ಮುಂದೆಯೂ ಏನನ್ನೂ ಬೇಡುವುದಿಲ್ಲ ಎಂದು ಶಪಥ ಮಾಡಿದ್ದವನು, ಇವತ್ತು ನಮ್ಮ ಪ್ರೆಸ್ಸಿನ ಯಜಮಾನರ ಎದುರು ಕೈಕಟ್ಟಿ ನಿಂತು ಒಂದು ವಾರ ರಜೆ ಕೇಳಿದೆ. ಕೊಟ್ಟರು. ನಾನೇ ಬರುತ್ತೇನೆ.

ನಿನ್ನ ಅಕ್ಕನ ಹಟಮಾರಿ ಮಗ