ಬಿಗಿದ ದಾರದ ಅಳತೆ

ಜನವರಿ ೧೨, ಸೋಮವಾರ

ದೋಣಿಗೆ ತರಿಸಿದ ಹೊಸ ಸ್ಟೇರಿಂಗ್ ಕೇಬಲ್ ಗಿಡ್ಡವಾಯಿತು. ಅಳತೆ ಕೊಟ್ಟು ಮಾಡಿಸಿದ್ದು, ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಶಹಾಬಾದಿನಲ್ಲಿ ದಾರ ಹಿಡಿದು ನೆಲಕ್ಕೆ ಫರಸಿ ಕಲ್ಲು ಹಾಸಿದ ಕೈ ನನ್ನದು. ಸ್ಟೇರಿಂಗಿನಿಂದ ಎಂಜಿನ್ನಿಗೆ ದಾರ ಬಿಗಿಯಾಗಿ ಎಳೆದು ಅಳೆದುಬಿಟ್ಟೆ. ಕೇಬಲ್ ದೋಣಿಯ ಅಂಚನ್ನು ಬಳಸಿ ಬಾಗಿ ಹೋಗುತ್ತದೆಂಬುದು ಹೊಳೆಯಲೇ ಇಲ್ಲ.

"ಮಶಾಕಣ್ಣ, ಇದೇನು ಫರಸಿ ಕಲ್ಲಾ? ಬಾಗ್ಲಿಕ್ಕೂ ಉದ್ದ ಬೇಕಲ್ಲ," ಎಂದ ಪಾಲುದಾರ ಸೂರ್ಯಕಾಂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದ.

ಕಲ್ಲಿನ ಧೂಳು ಎದೆಗೆ ಇಳಿದು ಆ ಕೆಲಸ ಬಿಟ್ಟ ಮೇಲೆ, ಚಂದ್ರಂಪಳ್ಳಿ ಡ್ಯಾಮಿನಲ್ಲಿ ಜನರನ್ನು ಕೂರಿಸಿ ಓಡಿಸುವ ಈ ದೋಣಿಯ ಮೇಲೇ ಮನೆ ನಡೆದಿತ್ತು.

ಸಂಜೆ ಕೇಬಲನ್ನು ನೆಟ್ಟಗೆ ಎಳೆದು ನೋಡಿದೆ. ಮುಟ್ಟಿತು, ಆದರೆ ಸ್ಟೇರಿಂಗ್ ತಿರುಗಲಿಲ್ಲ. ಹಾಗೇ ನೀರಿಗೆ ಬಿಟ್ಟರೆ ದೋಣಿ ನೇರ ಆಚೆ ದಡಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ.

"ನಾಳಿಗಿ ಬುತ್ತಿ ಕಟ್ಲೇನ್ರಿ?" ಎಂದು ಮನೆಯಲ್ಲಿ ಹೆಂಡತಿ ಲತೀಫಾ ಕೇಳಿದಳು. ಕೇಬಲ್ಲಿನ ಸುದ್ದಿ ಅವಳಿಗೆ ಇನ್ನೂ ಗೊತ್ತಿಲ್ಲ.

ಕಟ್ಟು ಎಂದೆ.