ಇನುತೆಕನ ಹೆಸರು

ಪ್ರೀತಿಯ ಅಪ್ಪಾ,

ವಯಸ್ಸಿನಲ್ಲಿ ನೀವು ನನ್ನ ಮಗನಂತಿದ್ದರೂ ಹೀಗೇ ಕರೆಯಬೇಕು. ಸತ್ತವರ ಹೆಸರು ಹೊತ್ತವನಲ್ಲಿ ಅವರೇ ಮರಳಿ ಬರುತ್ತಾರೆ ಎಂದು ನಂಬಿದವರು ನಾವು. ಅಪ್ಪ ತೀರಿಕೊಂಡ ಚಳಿಗಾಲದಲ್ಲೇ ನೀವು ಗ್ರೀನ್‌ಲ್ಯಾಂಡಿನ ಭೂಗೋಳ ಬರೆಯಲು ಬಂದಿರಿ. ಅಮ್ಮ ಅಪ್ಪನ ಇನುತೆಕ್ ಎಂಬ ಹೆಸರನ್ನೇ ನಿಮಗಿಟ್ಟಳು. "ಮತ್ತೆ ಕೈಗವಸು ಮರೆತ್ರಾ? ಸತ್ತು ಬಂದ್ರೂ ಬುದ್ಧಿ ಬರ್ಲಿಲ್ಲ ನಿಮ್ಗೆ" ಎಂದು ಗಂಡನನ್ನು ಬೈದಂತೆಯೇ ಬೈಯುತ್ತಿದ್ದಳು.

ಮನೆಯವರೆಂದೇ ನಿಮ್ಮನ್ನು ಆ ಕೊಲ್ಲಿಗೆ ಕರೆದೊಯ್ದೆವು. ತಿಮಿಂಗಿಲಗಳು ಮರಿ ಹಾಕುವ ಆ ಜಾಗವನ್ನು ನಮ್ಮ ಅಜ್ಜಂದಿರು ಹೊರಗಿನವರಿಗೆ ತೋರಿಸಿದ್ದಿಲ್ಲ. ಬಾಯಿ ಬಿಡುವುದಿಲ್ಲ ಎಂದು ನೀವೂ ಮಾತು ಕೊಟ್ಟಿರಿ.

ಇನುತೆಕ್ ಎಂದು ಸಹಿ ಹಾಕಿ ಕಳಿಸಿದ ನಿಮ್ಮ ಪುಸ್ತಕ ತಲುಪಿತು. ಕೊಲ್ಲಿಯ ನಕ್ಷೆ, ಚರಿತ್ರೆ ಎಲ್ಲವೂ ಅದರಲ್ಲಿದೆ. ಅದರ ಬೆನ್ನಿಗೇ ಪ್ರವಾಸಿ ಹಡಗುಗಳೂ ಬಂದವು. ಈ ಬೇಸಿಗೆಯಲ್ಲಿ ತಿಮಿಂಗಿಲಗಳು ಬರಲಿಲ್ಲ. ಅಮ್ಮ ಮಾತ್ರ, "ನಿಮ್ಮಪ್ಪ ಹಾಗ್ ಮಾಡೋರಲ್ಲ ಕಣೆ" ಎನ್ನುತ್ತಾಳೆ.

ನೀವು ಬಿಟ್ಟುಹೋದ ಬೂಟುಗಳನ್ನು ಮುಂದಿನ ದೋಣಿಯಲ್ಲಿ ಕಳಿಸುತ್ತೇನೆ. ನಮ್ಮದೂ ಒಂದು ನಿಮ್ಮ ಬಳಿ ಇದೆ. ನನ್ನ ಸೊಸೆಗೆ ದಿನ ತುಂಬಿದೆ. ಹುಟ್ಟುವ ಮಗುವಿಗೆ ಅಪ್ಪನ ಹೆಸರು ಬೇಕು. ಇನ್ನು ಮುಂದೆ ಆ ಹೆಸರಿನಲ್ಲಿ ಸಹಿ ಹಾಕಬೇಡಿ, ಹೆನಿಂಗ್.

ಇತಿ,
ಇನುತೆಕನ ಮಗಳು
ತುಪೆರ್ನಾ