ಬಸ್ ನಿಲ್ದಾಣದಲ್ಲಿ ಉಳಿದ ದನಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಾಲಿಗೆ ಚುಚ್ಚಿ ಉಕ್ಕಿನ ಗುಂಡು ಕೂರಿಸುವ ಅಂಗಡಿಗೆ ನೀವು ಪರವಾನಗಿ ಕೊಟ್ಟಿದ್ದೀರಿ. ಆ ಗುಂಡು ನನ್ನ ಮೊಮ್ಮಗಳ ಕೆಳಗಿನ ಎರಡು ಮುಂದಿನ ಹಲ್ಲು ತಿಂದಿತು. ಪಕ್ಕದವೂ ಅಲ್ಲಾಡುತ್ತಿವೆ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ, ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಅದಕ್ಕೇ ವಿಷಯ ಮೊದಲು ಹೇಳಿಬಿಟ್ಟೆ.

ಬಸ್ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಇಟ್ಟುಕೊಳ್ಳುವ ಕೋಣೆ ನೋಡಿಕೊಳ್ಳುವವಳು ನಾನು. ನನ್ನ ತಲೆಯ ಮೇಲೇ ಒಂದು ಧ್ವನಿವರ್ಧಕವಿದೆ. "ಪ್ರಯಾಣಿಕರ ಗಮನಕ್ಕೆ" ಎಂದು ಅದರಲ್ಲಿ ಕರೆಯುವ ದನಿ ಆ ಮೊಮ್ಮಗಳದೇ. ಹುಟ್ಟಿದಾಗಿನಿಂದ ಬಾಯಿ ಮುಚ್ಚದವಳೆಂದು ಮನೆಯಲ್ಲಿ ಅವಳಿಗೆ ಗಿಣಿ ಎಂದೇ ಹೆಸರು. ಕಾಲೇಜು ಮುಗಿದ ವರ್ಷ ನಿಲ್ದಾಣದವರು ಅವಳನ್ನು ಕರೆಸಿ ದನಿ ಮುದ್ರಿಸಿಕೊಂಡರು. ಅದಕ್ಕೆ ಕೊಟ್ಟ ಹಣದಲ್ಲೇ ಅವಳು ನಾಲಿಗೆ ಚುಚ್ಚಿಸಿಕೊಂಡು ಬಂದಳು.

ನಾನು ಚುಚ್ಚಿಸಿಕೊಳ್ಳುವುದಕ್ಕೆ ವಿರೋಧಿಯೆಂದು ಷರಾ ಬರೆದು ಈ ಪತ್ರ ಪಕ್ಕಕ್ಕಿಡಬೇಡಿ. ನನ್ನ ಕಿವಿಯೂ ಚುಚ್ಚಿದ್ದೇ. ಆದರೆ ಕಿವಿಯ ಓಲೆ ಹಗಲೂ ರಾತ್ರಿ ಹಲ್ಲಿನ ಬುಡಕ್ಕೆ ಬಡಿಯುವುದಿಲ್ಲ. ಗಿಣಿಯ ಗುಂಡು ಬಡಿಯುತ್ತಿತ್ತು. ಪುಸ್ತಕ ಓದುವಾಗ, ಟೀವಿ ನೋಡುವಾಗ, ಟಿಕ್, ಟಿಕ್.

"ಏನೇ ಅದು, ಬಾಯಲ್ಲಿ ಗಡಿಯಾರ ಇಟ್ಕೊಂಡಿದ್ದೀಯಾ?"

"ಅಭ್ಯಾಸ ಆಗೋಯ್ತು ಅಜ್ಜಿ. ನಂಗೆ ಗೊತ್ತೇ ಆಗಲ್ಲ."

"ನಂಗೆ ಗೊತ್ತಾಗ್ತಿದೆಯಲ್ಲ, ನಿಲ್ಸು."

"ಮೊದ್ಲು ನಿನ್ ಗೊರಕೆ ನಿಲ್ಸು!"

ನಾವು ನಗುತ್ತಿದ್ದೆವು. ನೋವಿಲ್ಲ, ರಕ್ತವಿಲ್ಲ, ಕನ್ನಡಿಯಲ್ಲಿ ಎಲ್ಲವೂ ಬೆಳ್ಳಗೆ, ಚೆಂದ. ತನ್ನ ಹಲ್ಲಿನ ಬೆನ್ನನ್ನು ಯಾರು ನೋಡಿಕೊಳ್ಳುತ್ತಾರೆ ಸ್ವಾಮಿ? ಮೂರು ವರ್ಷದ ಮೇಲೆ ಹಲ್ಲು ಅಲ್ಲಾಡಿದಾಗ ದಂತವೈದ್ಯೆ ಪುಟ್ಟ ಕನ್ನಡಿ ಒಳಗಿಟ್ಟು ನನ್ನನ್ನು ಹತ್ತಿರ ಕರೆದರು. ಹಿಂಬದಿಯಲ್ಲಿ ಒಸಡು ಸವೆದು ಕೆಳಗಿಳಿದು, ಹಳದಿ ಬೇರು ಹೊರಗೆ ಬಂದಿತ್ತು. ಒಳಗಿನ ಮೂಳೆಯೂ ಕರಗಿದೆ ಎಂದರು.

"ಮತ್ತೆ ಬೆಳೆಯಲ್ವಾ ತಾಯಿ?"

"ಒಸಡು ಉಗುರಲ್ಲ ಅಜ್ಜಿ."

ಎಲ್ಲರಿಗೂ ಹೀಗಾಗುವುದಿಲ್ಲವಂತೆ. ಆದರೆ ವರ್ಷ ಕಳೆದಷ್ಟೂ ಅಪಾಯ ಹೆಚ್ಚಂತೆ, ಕೆಲವರಿಗೆ ಹಲ್ಲೇ ಚಕ್ಕೆ ಏಳುತ್ತದಂತೆ. ಅಂದೇ ಗುಂಡು ತೆಗೆಸಿದೆವು, ಹಲ್ಲು ಮಾತ್ರ ಉಳಿಯಲಿಲ್ಲ. ಕಟ್ಟಿಸೋಣವೆಂದರೆ, ಪಕ್ಕದವು ನಿಲ್ಲುತ್ತವೋ ಇಲ್ಲವೋ ಮೊದಲು ನೋಡಬೇಕು ಎಂದಿದ್ದಾರೆ.

ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನೀವು ಯಾವಾಗಲೂ ಸಭೆಯಲ್ಲಿರುತ್ತೀರಿ ಎಂದು ಹೊರಗಿನ ಬೆಂಚೇ ಸಾಕ್ಷಿ ಹೇಳೀತು, ಅಷ್ಟು ಸವೆದಿದೆ. ನಿಮ್ಮ ಗುಮಾಸ್ತರು ತಲೆ ಎತ್ತದೆ ಹೇಳಿದರು, "ಅಜ್ಜಿ, ಲೈಸೆನ್ಸ್ ಕೊಡೋದು ಅಂಗಡಿಗೆ. ಬಾಯಿಗಲ್ಲ."

"ಹಾಗಾದ್ರೆ ಬಾಯಿ ನೋಡೋ ಸಾಹೇಬ್ರು ಯಾವ ಮಹಡೀಲಿ ಕೂತಿದ್ದಾರಪ್ಪಾ?"

ಅವರು ಪರವಾನಗಿಯ ಕಡತ ತೆಗೆದು ಓದಿ ಹೇಳಿದರು. ಅಂಗಡಿಯ ನೆಲ ತೊಳೆದಿದೆಯೇ, ಬಾಗಿಲು ಎಷ್ಟಗಲ, ಬೋರ್ಡು ನೆಟ್ಟಗಿದೆಯೇ, ಇಷ್ಟೂ ತಾವು ಪರಿಶೀಲಿಸಿ ಸಹಿ ಹಾಕಿದ್ದೀರಂತೆ. ಎಂಥ ಸೂಕ್ಷ್ಮ ದೃಷ್ಟಿ! ನೆಲಕ್ಕೆ ಇಷ್ಟು ಕಾಳಜಿಯಿದ್ದ ಮೇಲೆ ಒಸಡಿಗೆ ಏನು ಕಮ್ಮಿಯಾಯಿತು? ಅಂಗಡಿಯವರು ನಿಮ್ಮ ಸಹಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಅದನ್ನು ನೋಡಿಯೇ ನನ್ನ ಹುಡುಗಿ ಧೈರ್ಯವಾಗಿ ಬಾಯಿ ತೆರೆದಳು. "ಹಲ್ಲಿಗೇನಾದ್ರೂ ಆಗುತ್ತಾ?" ಎಂದು ಕೇಳಿದ್ದಳಂತೆ. "ಉಪ್ಪುನೀರು ಮುಕ್ಕಳಿಸಿ, ಸಾಕು" ಎಂದಿದ್ದನಂತೆ ಚುಚ್ಚುವವನು.

ಈಗ ಗಿಣಿ ಮಾತಾಡುವುದಿಲ್ಲ. ಹೂಂ ಎನ್ನಬೇಕಾದರೂ ಬಾಯಿಗೆ ಕೈ ಅಡ್ಡ ಬರುತ್ತದೆ. ಮನೆಯಲ್ಲಿ ಟಿಕ್ ಟಿಕ್ ನಿಂತಿದೆ, ಆದರೂ ನನಗೆ ಕೇಳುತ್ತದೆ. ನಲ್ಲಿ ತೊಟ್ಟಿಕ್ಕಿದರೆ, ಲೋಟಕ್ಕೆ ಚಮಚ ತಾಗಿದರೆ, ಎದ್ದು ಹೋಗಿ ಅವಳ ಕೋಣೆಯಲ್ಲಿ ಇಣುಕುತ್ತೇನೆ. ಅವಳು ಸುಮ್ಮನೆ ಕೂತಿರುತ್ತಾಳೆ. ಕೆಲಸಕ್ಕೆ ಬಂದರೆ ತಲೆಯ ಮೇಲೆ ಅದೇ ಹುಡುಗಿ, ಮುತ್ತು ಪೋಣಿಸಿದ ಹಾಗೆ, ಊರೂರಿಗೆ ಬಸ್ಸು ಹೊರಡಿಸುತ್ತಿರುತ್ತಾಳೆ. ಸತ್ತವರ ದನಿ ಕೇಳಿದರೆ ಜನ ಹೆದರುತ್ತಾರಂತೆ. ನಾನು ಬದುಕಿರುವವಳ ದನಿಗೆ ಹೆದರುತ್ತೇನೆ.

ಮುಂದಿನ ತಿಂಗಳು ಬಸ್ಸು ನಿಲ್ಲುವ ಅಂಕಣಗಳ ಸಂಖ್ಯೆ ಬದಲಾಗುತ್ತದೆ. ಹಳೆಯ ದನಿ ಅಳಿಸಿ ಹೊಸದಾಗಿ ಮುದ್ರಿಸಬೇಕು, ಗಿಣಿಯನ್ನೇ ಕಳಿಸಿ ಎಂದರು ನಿಲ್ದಾಣದವರು. ಬೈದು, ಬೇಡಿ, ಕರೆದುಕೊಂಡು ಬಂದೆ. ನನ್ನ ಕೋಣೆಯಲ್ಲಿ ಯಾರದೋ ಟ್ರಂಕಿನ ಮೇಲೆ ಕೂತಳು. ಅಷ್ಟರಲ್ಲಿ ಮೇಲಿನಿಂದ "ಪ್ರಯಾಣಿಕರ ಗಮನಕ್ಕೆ" ಎಂದಿತು. ಗಿಣಿಯ ತುಟಿ ಅದರ ಜೊತೆಗೇ ಆಡಿತು, ಸದ್ದಿಲ್ಲದೆ, ಕೊನೆಯ ಮಾತಿನವರೆಗೂ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು, "ಅಜ್ಜಿ, ಅವಳು ಎಷ್ಟ್ ಚೆನ್ನಾಗಿ ಹೇಳ್ತಾಳಲ್ವಾ?"

‘ಅವಳು’ ಎಂದಳು, ಸ್ವಾಮಿ. ‘ನಾನು’ ಎನ್ನಲಿಲ್ಲ. ಮುದ್ರಿಸುವ ಕೋಣೆಗೆ ಹೋಗದೆ ಮನೆಗೆ ನಡೆದಳು.

ನಾನು ಕೇಳುವುದು ಪರಿಹಾರವಲ್ಲ. ದಂತವೈದ್ಯರು ಬಾಯಿ ನೋಡುವವರೆಗೆ ಆ ಅಂಗಡಿಯವನು ಸೂಜಿ ಎತ್ತಕೂಡದು. ಒಸಡಿಗೆ, ಹಲ್ಲಿಗೆ ಏನಾಗಬಹುದೆಂದು ದರಪಟ್ಟಿಯಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ. ಚುಚ್ಚಿಸಿಕೊಂಡವರು ಆಗಾಗ ಹಲ್ಲು ತೋರಿಸಿಕೊಳ್ಳಲೇಬೇಕೆಂದೂ ಬರೆಸಿ. ಇಲ್ಲವಾದರೆ ಆ ಗಾಜಿನೊಳಗಿನ ನಿಮ್ಮ ಸಹಿ ಇಳಿಸಿಕೊಂಡು ಹೋಗಿ.

ಮತ್ತೊಂದು. ಹಳೆಯ ದನಿ ಅಳಿಸುವ ಮೊದಲು ಸಭೆ ಬಿಟ್ಟು ಒಮ್ಮೆ ನಿಲ್ದಾಣಕ್ಕೆ ಬನ್ನಿ, ಕೂತು ಕೇಳಿ. ಅಲ್ಲಿಂದ ನಮ್ಮ ಮನೆಗೆ ಬನ್ನಿ. ಗಿಣಿ ಬಾಗಿಲು ತೆಗೆಯುತ್ತಾಳೆ. ಯಾರು ಬೇಕೆಂದು ಹುಬ್ಬಿನಲ್ಲೇ ಕೇಳುತ್ತಾಳೆ. ಏನು ಹೇಳುತ್ತೀರೋ, ದಾರಿಯಲ್ಲೇ ಯೋಚಿಸಿಕೊಂಡು ಬನ್ನಿ.

ಇಂತಿ,
ಈ ವಯಸ್ಸಿನಲ್ಲಿ ಮುಂದಿನ ಹಲ್ಲಿನ ಲೆಕ್ಕದಲ್ಲಿ ಮೊಮ್ಮಗಳನ್ನು ಮೀರಿಸಬೇಕಾಗಿ ಬಂದ,
ಸಾಮಾನು ಕೋಣೆಯ ಅಜ್ಜಿ